ಚಿಕ್ಕ ಪಿಸ್ತೂಲು ಆರಿಸುವುದು, ದಿನವಿಡೀ ಆರಾಮಾಗಿ ಧರಿಸುವುದು: ಅಮೆರಿಕದ ಕನ್ನಡಿಗರಿಗೆ ಮಾರ್ಗದರ್ಶಿ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆ ಇರುವ ಕನ್ನಡಿಗರು ಈ ವಿಷಯ ಎತ್ತಿದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಪಿಸ್ತೂಲು ತಗೊಳ್ಳಲಿ? ಅದು ಎರಡನೇ ಪ್ರಶ್ನೆ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾವ ಹೋಲ್ಸ್ಟರ್‌ನಲ್ಲಿ (ಸೊಂಟಕ್ಕೆ ಸಿಗಿಸುವ ಪಿಸ್ತೂಲಿನ ಕವಚ) ಇಡುತ್ತೀರಿ, ಯಾವ ಬೆಲ್ಟಿಗೆ ಸಿಗಿಸುತ್ತೀರಿ ಅನ್ನುವುದು ಮೊದಲನೆಯದು. ಒಳ್ಳೆಯ ಪಿಸ್ತೂಲು ಕೊಂಡು, ಸೊಂಟಕ್ಕೆ ಚುಚ್ಚುತ್ತದೆ ಅಂತ ಎರಡು ವಾರದಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಗೆ ಸೇರಿಸಿದವರು ಬೇಕಾದಷ್ಟು ಜನ ಇದ್ದಾರೆ. ಕಾರಿನಲ್ಲಿ ಬಿಟ್ಟ ಪಿಸ್ತೂಲು ನಿಮ್ಮನ್ನು ಕಾಯುವುದಿಲ್ಲ. ಕಿಟಕಿ ಒಡೆದ ಕಳ್ಳನ ಕೈಗೆ ಹೋಗುತ್ತದೆ.

ಆದರೆ ಈ ಎರಡು ಪ್ರಶ್ನೆಗಳಿಗೂ ಮುಂಚೆ ನಮ್ಮವರು ನೋಡಲೇಬೇಕಾದ ಒಂದು ವಿಷಯ ಇದೆ.

ಮೊದಲು ನಿಮ್ಮ ವೀಸಾ ನೋಡಿ

ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ತಾತ್ಕಾಲಿಕ ವೀಸಾ ಮೇಲೆ ಅಮೆರಿಕಕ್ಕೆ ಬಂದವರು ಬಂದೂಕು ಅಥವಾ ಗುಂಡು ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಸ್ ರಾಜ್ಯ ಎಷ್ಟೇ ಸಡಿಲ ಬಿಟ್ಟರೂ ಇದು ಬದಲಾಗುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ನಂಬಿ ಹೆಜ್ಜೆ ಇಡುವ ಮುನ್ನ ವಕೀಲರನ್ನು ಕೇಳಿ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು, ಜೊತೆಗೆ ಗಡೀಪಾರಿನ ಭಯ ಬೇರೆ.

ಹತ್ತು ಹದಿನೈದು ವರ್ಷದಿಂದ ಇಲ್ಲೇ ಇದ್ದೇವೆ, ಮನೆ ಕೊಂಡಿದ್ದೇವೆ, ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ, ಇನ್ನೇನು ಅಂತ ಕೇಳುವವರಿದ್ದಾರೆ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಲೆಕ್ಕ ಬದಲಾಗುವುದಿಲ್ಲ. ಸುಮ್ನೆ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿಯುವುದೂ ಹೊಂದಿದ ಹಾಗೇ ಆಗುತ್ತದೆ. ಆಫೀಸಿನ ತಂಡದ ಜೊತೆ ಮೋಜಿಗೆ ಅಂತ ಹೋಗುವ ಹುಡುಗರು ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ.

ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿಸುತ್ತಾರೆ, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಅದರಲ್ಲಿ ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಗಾಂಜಾ ಬಳಕೆ ಬಗ್ಗೆಯೂ ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಆಗಿದ್ದರೂ ಆ ಫಾರ್ಮಿಗೆ ಆಗಿಲ್ಲ.

ಗಂಡ ಎಚ್-1ಬಿ, ಹೆಂಡತಿ ನಾಗರಿಕಳು ಅನ್ನುವ ಮನೆಗಳೂ ಇವೆ. ಅಂಥ ಮನೆಯಲ್ಲಿ ಪಿಸ್ತೂಲು ಹೆಂಡತಿಯದ್ದು ಅಂದರೆ ಸಾಲದು. ಅದರ ಪೆಟ್ಟಿಗೆಯ ಕೀಲಿ, ನಂಬರ್ ಗಂಡನಿಗೆ ಸಿಗಬಾರದು.

ರಾಜ್ಯದ ಕಾನೂನು

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಬೇರೆ ಅಡ್ಡಿ ಇಲ್ಲದ ವ್ಯಕ್ತಿ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಧರಿಸಬಹುದು. ಆದರೂ ಲೈಸೆನ್ಸ್ ಮಾಡಿಸಿ ಅಂತಲೇ ನಾನು ಹೇಳುವುದು. ಅರ್ಜಿ ಶುಲ್ಕ 40 ಡಾಲರ್, ನಾಲ್ಕರಿಂದ ಆರು ಗಂಟೆಯ ಪಾಠ, ಕೊನೆಗೆ 3, 7, 15 ಗಜ ದೂರದಿಂದ 50 ಗುಂಡುಗಳ ಪರೀಕ್ಷೆ. ಕಷ್ಟದ್ದಲ್ಲ. ಇದರ ಲಾಭ ದೊಡ್ಡದು. ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳಬಾರದು ಅನ್ನುವ ಕೇಂದ್ರ ಕಾನೂನು ಇದೆ. ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ನಗರದಲ್ಲಿ ಶಾಲೆಯ 1,000 ಅಡಿ ದಾಟದೆ ಹಾಲು ತರಲಿಕ್ಕೂ ಹೋಗಲಾಗುವುದಿಲ್ಲ, ಅಲ್ವಾ? ಅಷ್ಟೇ ಅಲ್ಲ, ಬೇರೆ ಹಲವು ರಾಜ್ಯಗಳು ಈ ಲೈಸೆನ್ಸನ್ನು ಒಪ್ಪುತ್ತವೆ.

ಒಪ್ಪದ ರಾಜ್ಯಗಳೂ ಇವೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್‌ನ ಹಳೆಯ ನಿಯಮವನ್ನು ರದ್ದು ಮಾಡಿದ ಮೇಲೆ, ವಿಶೇಷ ಕಾರಣ ತೋರಿಸದೆಯೂ ಲೈಸೆನ್ಸ್ ಕೇಳುವ ಹಕ್ಕು ಎಲ್ಲ ಕಡೆ ಬಂದಿದೆ ನಿಜ. ಹಾಗಂತ ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಟೆಕ್ಸಸ್ ಲೈಸೆನ್ಸ್ ನಡೆಯುವುದಿಲ್ಲ. ಈ ಮೂರೂ ಕಡೆ 10 ಗುಂಡಿಗಿಂತ ದೊಡ್ಡ ಮ್ಯಾಗಜಿನ್‌ಗೆ, ಅಂದರೆ ಪಿಸ್ತೂಲಿನ ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿಗೆ, ಅಡ್ಡಿ ಇದೆ. ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟ್, ಅಂದರೆ ತುದಿಯಲ್ಲಿ ಕುಳಿ ಇರುವ, ಗುಂಡುಗಳಿಗೂ ಕಟ್ಟುನಿಟ್ಟು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಹೊರಟಿದ್ದರೆ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿ ಇಟ್ಟು ಹೋಗಿ.

ಟೆಕ್ಸಸ್ ಒಳಗೂ ಫಲಕಗಳನ್ನು ಓದುವ ಅಭ್ಯಾಸ ಬೇಕು. ಬಾಗಿಲಲ್ಲಿ 30.06 ಅಂತ ಇದ್ದರೆ ಲೈಸೆನ್ಸ್ ಇದ್ದವರೂ ಅಡಗಿಸಿ ತರುವ ಹಾಗಿಲ್ಲ. 30.05 ಲೈಸೆನ್ಸ್ ಇಲ್ಲದವರಿಗೆ. ಕೆಂಪು ಅಕ್ಷರದ 51% ಫಲಕ ಬಾರ್‌ಗಳಲ್ಲಿ ಕಾಣುತ್ತದೆ, ಅಲ್ಲಿ ಯಾರಿಗೂ ಇಲ್ಲ. ದೇವಸ್ಥಾನದ ಸಮಿತಿಯೂ ಬೇಡ ಅಂತ ಫಲಕ ಹಾಕಬಹುದು. ಹಾಕಿದ್ದರೆ ಮರುಮಾತಿಲ್ಲದೆ ಪಾಲಿಸಿ. ನಮ್ಮವರು ಜಾಸ್ತಿ ಎಡವುವ ಜಾಗ ಇನ್ನೊಂದಿದೆ. ಯುಗಾದಿ, ರಾಜ್ಯೋತ್ಸವ ಕಾರ್ಯಕ್ರಮಗಳು ಎಷ್ಟೋ ಸಲ ಬಾಡಿಗೆಗೆ ಪಡೆದ ಹೈಸ್ಕೂಲ್ ಸಭಾಂಗಣದಲ್ಲಿ ನಡೆಯುತ್ತವೆ. ಅದು ಭಾನುವಾರ ಆದರೂ ಶಾಲೆಯ ಕಟ್ಟಡವೇ. ಅಂದು ಪಿಸ್ತೂಲು ಮನೆಯಲ್ಲಿ ಇರಲಿ.

ಈಗ ಪಿಸ್ತೂಲು

ಚಿಕ್ಕದು ಅಂದರೆ ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಇದು ಪೂರಾ ಉಲ್ಟಾ. ಪಿಸ್ತೂಲು ಹಗುರವಾದಷ್ಟೂ ಅದರ ಒದೆತ ಜೋರು. ಹಿಡಿಕೆ ಗಿಡ್ಡವಾದಷ್ಟೂ ಬೆರಳಿಗೆ ಹಿಡಿತ ಸಾಲದು. ನಳಿಗೆ ಗಿಡ್ಡವಾದಷ್ಟೂ ಗುರಿ ತಪ್ಪುವುದು ಸುಲಭ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ 270 ಗ್ರಾಂ ಅಷ್ಟೇ ತೂಗುತ್ತದೆ, ಜೇಬಿಗೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಆದರೆ ಒಂದು ಪೆಟ್ಟಿಗೆ ಗುಂಡು ಹೊಡೆಯುವಷ್ಟರಲ್ಲಿ ಅಂಗೈ ಉರಿಯುತ್ತದೆ, ಆಮೇಲೆ ಅಭ್ಯಾಸವೇ ನಿಲ್ಲುತ್ತದೆ. ಅದು ಪಳಗಿದ ಕೈಗೆ ಚೆನ್ನ, ಮೊದಲ ಪಿಸ್ತೂಲಾಗಿ ಬೇಡ.

ನೀವು ಧರಿಸಬಲ್ಲ ಪಿಸ್ತೂಲುಗಳಲ್ಲಿ ಅತಿ ಚಿಕ್ಕದನ್ನು ಹುಡುಕಬೇಡಿ. ಅತಿ ದೊಡ್ಡದನ್ನು ಹುಡುಕಿ. ಅದೇ ನಿಮ್ಮ ಕೈಗೆ ಚೆನ್ನಾಗಿ ಬಗ್ಗುತ್ತದೆ.

ಹಿಂದೆ ಚಿಕ್ಕ ಗಾತ್ರ ಬೇಕು ಅಂದರೆ ಗುಂಡಿನ ಸಂಖ್ಯೆ ಬಿಟ್ಟುಕೊಡಬೇಕಿತ್ತು. 2015ರಲ್ಲಿ ಬಂದ ಗ್ಲಾಕ್ 43 ತೆಳ್ಳಗಿತ್ತು, ಮ್ಯಾಗಜಿನ್‌ನಲ್ಲಿ ಆರೇ ಗುಂಡು. 2018ರಲ್ಲಿ ಸಿಗ್ ಸೌವರ್ ಕಂಪನಿ ಪಿ365 ತಂದಾಗ ಆಟವೇ ಬದಲಾಯಿತು. ಹೆಚ್ಚುಕಮ್ಮಿ ಒಂದು ಇಂಚು ದಪ್ಪ, 3.1 ಇಂಚಿನ ನಳಿಗೆ, ಸುಮಾರು 500 ಗ್ರಾಂ ತೂಕ, ಆದರೆ ಮ್ಯಾಗಜಿನ್‌ನಲ್ಲಿ ಹತ್ತು ಗುಂಡು. ಮರುವರ್ಷವೇ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, ಗ್ಲಾಕ್ 43ಎಕ್ಸ್ ಬಂದವು. 2021ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಪ್ಲಸ್ ಬಂತು. ಇವುಗಳಲ್ಲಿ ಯಾವುದನ್ನು ಕೊಂಡರೂ ಮೋಸ ಇಲ್ಲ. ನಿಮ್ಮ ಕೈಗೆ ಕೂರುವುದೇ ಉತ್ತಮ. ಎತ್ತರದ ಆಳಾದರೆ, ದಿನವೂ ಬೆಲ್ಟ್ ಹಾಕುವವರಾದರೆ ಗ್ಲಾಕ್ 19 ಕೂಡ ಧರಿಸಬಹುದು. 670 ಗ್ರಾಂ ತೂಗುತ್ತದೆ, 15 ಗುಂಡು, ಒದೆತ ಕಮ್ಮಿ.

ಗುಂಡಿನ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 9 ಎಂಎಂ ಅಳತೆಯದ್ದು ಸಾಕು. ಎಫ್‌ಬಿಐ ಕೂಡ .40 ಅನ್ನುವ ದಪ್ಪ ಗುಂಡು ಬಿಟ್ಟು 9 ಎಂಎಂಗೆ ವಾಪಸ್ ಬಂದಿದೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಅಭ್ಯಾಸಕ್ಕೆ ಕೈಗೆಟಕುತ್ತದೆ. ಕೈಯಲ್ಲಿ ಬಲ ಕಮ್ಮಿ ಇದ್ದವರಿಗೆ, ಸಂಧಿವಾತ ಇರುವ ಹಿರಿಯರಿಗೆ ಸ್ಲೈಡ್, ಅಂದರೆ ಗುಂಡು ಏರಿಸಲು ಹಿಂದಕ್ಕೆ ಎಳೆಯುವ ಪಿಸ್ತೂಲಿನ ಮೇಲ್ಭಾಗ, ಎಳೆಯುವುದೇ ಕಷ್ಟ. ಅವರಿಗೆ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್ ಈಝಡ್ ಇದೆ. ಅದರ ಸ್ಲೈಡ್ ನಿಜಕ್ಕೂ ಹಗುರ, .380 ಮತ್ತು 9 ಎಂಎಂ ಎರಡರಲ್ಲೂ ಸಿಗುತ್ತದೆ. ಐದು ಗುಂಡಿನ .38 ರಿವಾಲ್ವರ್ ಸರಳ ಅನ್ನುತ್ತಾರೆ. ನೋಡಲು ಸರಳ, ಹೊಡೆಯಲು ಅಲ್ಲ. ಟ್ರಿಗರ್ ಗಟ್ಟಿ, ಒದೆತ ಚುರುಕು.

ಕೊಳ್ಳುವ ಮುನ್ನ ಬಾಡಿಗೆಗೆ ಪಡೆದು ಹೊಡೆದು ನೋಡಿ. ದೊಡ್ಡ ಊರುಗಳ ರೇಂಜ್‌ಗಳಲ್ಲಿ ಇವೆಲ್ಲ ಬಾಡಿಗೆಗೆ ಇರುತ್ತವೆ. ಏಳು ಗಜ ದೂರದಿಂದ, ಅವಸರ ಇಲ್ಲದೆ ಹೊಡೆದ ಐದು ಗುಂಡುಗಳು ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳದಿದ್ದರೆ ಅದು ಸದ್ಯಕ್ಕೆ ನಿಮ್ಮ ಪಿಸ್ತೂಲಲ್ಲ. ಅಂಗಡಿಯವರು ಹೆಂಗಸರನ್ನು ಕಂಡ ತಕ್ಷಣ ಪುಟ್ಟದೊಂದನ್ನು ಎತ್ತಿ ತೋರಿಸುತ್ತಾರೆ. ಅದಕ್ಕೆ ಸೊಪ್ಪು ಹಾಕಬೇಡಿ. ನಿಮ್ಮ ಕೈ ಹೇಳಿದ್ದನ್ನೇ ಕೇಳಿ.

ಬೆಲ್ಟ್ ಮತ್ತು ಹೋಲ್ಸ್ಟರ್: ಆರಾಮ ಇರುವುದು ಇಲ್ಲೇ

ಮಾಮೂಲಿ ಚರ್ಮದ ಬೆಲ್ಟ್ ಅರ್ಧ ಕಿಲೋ ತೂಕಕ್ಕೆ ಜೋತು ಬೀಳುತ್ತದೆ. ಪಿಸ್ತೂಲು ಹೊರಕ್ಕೆ ವಾಲುತ್ತದೆ, ನೀವು ಮತ್ತೆ ಮತ್ತೆ ಪ್ಯಾಂಟ್ ಏರಿಸುತ್ತೀರಿ, ಎದುರಿಗಿದ್ದವರಿಗೆ ಅದೇ ಸುಳಿವು. ಒಳಗೆ ಗಟ್ಟಿ ಪಟ್ಟಿ ಇರುವ ಬೆಲ್ಟ್ ಬೇಕು. ಒಂದೂವರೆ ಇಂಚು ಅಗಲ, ಕಾಲು ಇಂಚಿನಷ್ಟು ಸೂಕ್ಷ್ಮವಾಗಿ ಬಿಗಿ ಮಾಡುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಊಟ ಆದ ಮೇಲೆ ಒಂದು ಮೆಟ್ಟಿಲು ಸಡಿಲ ಮಾಡಬಹುದಲ್ಲ! ಪ್ಯಾಂಟ್ ಒಳಗೆ ಹೋಲ್ಸ್ಟರ್ ಹೋಗಬೇಕಾದ್ದರಿಂದ ಪ್ಯಾಂಟಿನ ಸೊಂಟದ ಅಳತೆ ಒಂದೋ ಎರಡೋ ಇಂಚು ಜಾಸ್ತಿ ಕೊಳ್ಳಿ.

ಹೋಲ್ಸ್ಟರ್‌ಗೆ ಮೂರು ಷರತ್ತು ಮಾತ್ರ ಬಿಡಬೇಡಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಒತ್ತಿದರೂ ಅದಕ್ಕೆ ತಾಗಬಾರದು. ನೀವು ಬಗ್ಗಿದರೂ ಓಡಿದರೂ ಪಿಸ್ತೂಲು ಬೀಳಬಾರದು. ಪಿಸ್ತೂಲು ಹೊರತೆಗೆದ ಮೇಲೆ ಹೋಲ್ಸ್ಟರ್ ಬಾಯಿ ಮುಚ್ಚಿಕೊಳ್ಳಬಾರದು. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ, ನಿಮ್ಮ ಮಾದರಿಯ ಪಿಸ್ತೂಲಿಗೇ ಅಚ್ಚು ಹಾಕಿ ಮಾಡಿದ್ದು ಈ ಮೂರನ್ನೂ ಪೂರೈಸುತ್ತದೆ. ಚರ್ಮದ್ದು ಮೈಗೆ ಹಿತ, ಹೊಸ ಚಪ್ಪಲಿ ಪಳಗುವ ಹಾಗೆ ಪಳಗುತ್ತದೆ. ಆದರೆ ಹಳೆಯದಾಗಿ ಮೆತ್ತಗಾದ ಚರ್ಮದ ಅಂಚು ಮಡಚಿ ಟ್ರಿಗರ್ ಒತ್ತಿ ಗುಂಡು ಹಾರಿದ ಪ್ರಕರಣಗಳಿವೆ. ಚರ್ಮದ್ದೇ ಬೇಕಾದರೆ ಆಗಾಗ ಪರೀಕ್ಷಿಸಿ, ಮೆತ್ತಗಾದ ದಿನ ಬಿಸಾಡಿ. ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಅಂತ ಹತ್ತು ಡಾಲರ್‌ಗೆ ಮಾರುವ ಬಟ್ಟೆಯ ಚೀಲಗಳನ್ನು ಮುಟ್ಟಲೂ ಬೇಡಿ.

ಬಟ್ಟೆಯ ಹೊರಗೆ ಉಬ್ಬಿ ಕಾಣುವುದು ಯಾವ ಭಾಗ ಗೊತ್ತಾ? ನಳಿಗೆ ಅಲ್ಲ, ಹಿಡಿಕೆ. ನಳಿಗೆ ಪ್ಯಾಂಟಿನೊಳಗೆ ಇಳಿದಿರುತ್ತದೆ. ಹಿಡಿಕೆಯನ್ನು ಹೊಟ್ಟೆಯ ಕಡೆಗೆ ತಿರುಗಿಸಲು ಹೋಲ್ಸ್ಟರ್ ಪಕ್ಕದಲ್ಲಿ ರೆಕ್ಕೆಯಂಥ ಚಿಕ್ಕ ತುಂಡು ಇರುತ್ತದೆ, ಕ್ಲಾ ಅನ್ನುತ್ತಾರೆ. ಅದು ಬೆಲ್ಟಿಗೆ ಒತ್ತಿ ಹಿಡಿಕೆಯನ್ನು ಒಳಕ್ಕೆ ತಳ್ಳುತ್ತದೆ. ಹೋಲ್ಸ್ಟರ್‌ನ ತಳದಲ್ಲಿ, ಮೈ ಕಡೆಗೆ ಮೆತ್ತನೆಯ ಸ್ಪಂಜಿನ ತುಂಡು ಅಂಟಿಸಿದರೆ ತುದಿ ಹೊರಗೆ ಹೋಗಿ ಮೇಲ್ಭಾಗ ಒಳಗೆ ಬರುತ್ತದೆ. ಚುಚ್ಚುವುದೂ ನಿಲ್ಲುತ್ತದೆ. ಇವೆರಡೂ ಸೇರಿದರೆ ಅಚ್ಚರಿ ಆಗುವಷ್ಟು ವ್ಯತ್ಯಾಸ. ಇನ್ನೊಂದು ಮಾತು: ಹೋಲ್ಸ್ಟರ್ ಗಿಡ್ಡವಿದ್ದರೆ ಆರಾಮ ಅಂತಿಲ್ಲ. ಸ್ವಲ್ಪ ಉದ್ದದ್ದೇ ತೊಡೆಗೆ ಆನಿಕೊಂಡು ಅಲುಗಾಡದೆ ನಿಲ್ಲುತ್ತದೆ.

ಸೊಂಟದ ಯಾವ ಕಡೆ?

ಹೊಕ್ಕುಳನ್ನು ಗಡಿಯಾರದ 12 ಅಂದುಕೊಳ್ಳಿ. ಬಲಗೈಯವರಿಗೆ 1ರ ಹತ್ತಿರ ಇಡುವುದು ಮುಂಭಾಗದ ರೀತಿ, 3ರಿಂದ 4ರ ನಡುವೆ ಇಡುವುದು ಪಕ್ಕೆಯ ರೀತಿ.

ಮುಂಭಾಗದಲ್ಲಿ ಚೆನ್ನಾಗಿ ಅಡಗುತ್ತದೆ. ಕಾರಿನಲ್ಲಿ ಕೂತಾಗ ಬೆನ್ನಿಗೆ ಒತ್ತುವುದಿಲ್ಲ, ಜನಜಂಗುಳಿಯಲ್ಲಿ ಕೈಯಡಿಯಲ್ಲೇ ಇರುತ್ತದೆ. ಆದರೆ ನಳಿಗೆ ತೊಡೆಸಂದಿಯ ಕಡೆಗೆ ಇರುತ್ತದೆ. ಅಲ್ಲಿ ರಕ್ತನಾಳಗಳಿವೆ, ಚಿಕ್ಕ ತಪ್ಪಿಗೂ ದೊಡ್ಡ ಬೆಲೆ. ವಾಪಸ್ ಇಡುವಾಗ ನಿಧಾನವಾಗಿ, ಕಣ್ಣಿಟ್ಟು ನೋಡಿ, ಶರ್ಟಿನ ಅಂಚು ಮೇಲೆತ್ತಿ, ಸೊಂಟ ಮುಂದಕ್ಕೆ ಚಾಚಿ ಇಡಬೇಕು. ಎಷ್ಟೋ ಜನ ಹೋಲ್ಸ್ಟರ್ ಅನ್ನು ಮೈಯಿಂದ ಬಿಚ್ಚಿ, ಪಿಸ್ತೂಲು ಒಳಗಿಟ್ಟು, ಎರಡನ್ನೂ ಒಟ್ಟಿಗೆ ಸಿಗಿಸಿಕೊಳ್ಳುತ್ತಾರೆ. ಹೊಸಬರಿಗೆ ಇದೇ ಕ್ಷೇಮ.

ಹೊಟ್ಟೆ ಮುಂದೆ ಬಂದವರಿಗೆ ಮುಂಭಾಗ ಆಗುವುದಿಲ್ಲ ಅನ್ನುವ ಮಾತಿದೆ. ಪೂರ್ತಿ ನಿಜ ಅಲ್ಲ. ಒಂದರ್ಧ ಇಂಚು ಆಚೀಚೆ ಸರಿಸಿ, ಎತ್ತರ ಬದಲಿಸಿ ನೋಡಿ, ಬಹಳ ಜನರಿಗೆ ಒಂದು ಜಾಗ ಸಿಗುತ್ತದೆ. ಸಿಗದಿದ್ದರೆ ಪಕ್ಕೆಯಲ್ಲಿ ಇಡಿ, ಸ್ವಲ್ಪ ಮುಂದಕ್ಕೆ ಓರೆ ಮಾಡಿ. ಅಲ್ಲಿನ ತೊಂದರೆ ಬಗ್ಗಿದಾಗ. ಸೊಂಟದಿಂದ ಬಗ್ಗಿದರೆ ಹಿಡಿಕೆ ಬೆನ್ನಿನ ಮೇಲೆ ಉಬ್ಬುತ್ತದೆ. ಮಂಡಿ ಮಡಚಿ ಕೂರುವುದನ್ನು ರೂಢಿ ಮಾಡಿಕೊಳ್ಳಿ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದು, ಉದ್ದಂಡ ನಮಸ್ಕಾರ ಮಾಡುವುದು ಎರಡೂ ರೀತಿಗೂ ಕಷ್ಟವೇ. ಸತ್ಯನಾರಾಯಣ ಪೂಜೆಗೆ ಹೋಗುವ ದಿನ ಇದರ ಗೊಡವೆ ಬೇಡ.

ಹೆಂಗಸರ ಉಡುಪಿಗೆ ಬೆಲ್ಟ್ ಹೊಂದುವುದು ಕಮ್ಮಿ. ಕುರ್ತಾ, ಲೆಗ್ಗಿಂಗ್ಸ್ ಮೇಲೆ ಧರಿಸಲು ಬೆಲ್ಟಿನ ಹಂಗಿಲ್ಲದೆ ಸೊಂಟಕ್ಕೇ ಕಟ್ಟುವ ಎನಿಗ್ಮಾದಂಥ ಸಾಧನ ಇದೆ. ಟ್ರಿಗರ್ ಮುಚ್ಚುವ ಗಟ್ಟಿ ಕವಚ ಇರುವ ಹೊಟ್ಟೆಪಟ್ಟಿಗಳೂ ಇವೆ. ಕೈಚೀಲದಲ್ಲಿ ಇಡುವುದು ಸುಲಭ ಅನಿಸುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. 2014ರ ಡಿಸೆಂಬರ್ 30ರಂದು ಐಡಾಹೊ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗು ಅಮ್ಮನ ಕೈಚೀಲದಲ್ಲಿದ್ದ ಪಿಸ್ತೂಲಿಗೆ ಕೈ ಹಾಕಿ ಗುಂಡು ಹಾರಿತು, ತಾಯಿ ಅಲ್ಲೇ ತೀರಿಕೊಂಡರು. ಆ ಚೀಲ ಪಿಸ್ತೂಲು ಇಡಲೆಂದೇ ಮಾಡಿದ್ದು. ಅವರು ಬಂದೂಕು ಬಲ್ಲವರೇ ಆಗಿದ್ದರು. ಚೀಲವನ್ನು ತಳ್ಳುಗಾಡಿಯಲ್ಲಿ, ಕುರ್ಚಿಯ ಬೆನ್ನಿಗೆ ಬಿಡುವುದು ಯಾರಿಗೂ ಸಹಜ. ಮೈಮೇಲೆ ಇದ್ದರೆ ಮೈಮೇಲೇ ಇರುತ್ತದೆ.

ಬಟ್ಟೆಗೆ ದೊಡ್ಡ ಖರ್ಚು ಬೇಡ. ಒಂದು ಬಣ್ಣದ, ಮೈಗಂಟುವ ಟೀ ಶರ್ಟ್ ಬಿಡಿ. ಚೌಕುಳಿ ಅಥವಾ ಹೂವಿನ ವಿನ್ಯಾಸದ, ಸ್ವಲ್ಪ ದಪ್ಪ ಬಟ್ಟೆಯ ಶರ್ಟ್ ಉಬ್ಬನ್ನು ಮರೆಸುತ್ತದೆ. ಹತ್ತಿಯ ಜುಬ್ಬಾ ಬಹಳ ಚೆನ್ನಾಗಿ ಮುಚ್ಚುತ್ತದೆ, ಆದರೆ ಉದ್ದ ಜಾಸ್ತಿ, ಮೇಲೆತ್ತುವುದನ್ನು ಅಭ್ಯಾಸ ಮಾಡಬೇಕು. ಟೆಕ್ಸಸ್ ಬೇಸಿಗೆಯಲ್ಲಿ ಒಳಗೊಂದು ಬನಿಯನ್ ಇಲ್ಲದಿದ್ದರೆ ಬೆವರಿಗೆ ಚರ್ಮ ಉಜ್ಜಿ ಕೆಂಪಾಗುತ್ತದೆ.

ಮನೆಯಲ್ಲೇ ರೂಢಿ ಮಾಡಿಕೊಳ್ಳಿ

ಮೊದಲ ಒಂದೆರಡು ವಾರ ಗುಂಡು ತೆಗೆದ ಪಿಸ್ತೂಲನ್ನು ಮನೆಯೊಳಗೆ ಧರಿಸಿ. ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದಲ್ಲಿರಲಿ. ಪಾತ್ರೆ ತೊಳೆಯಿರಿ, ಲ್ಯಾಪ್‌ಟಾಪ್ ಮುಂದೆ ಕೂರಿ, ಮೆಟ್ಟಿಲು ಹತ್ತಿ, ಮೇಲಿನ ಶೆಲ್ಫಿನ ಡಬ್ಬಿ ಇಳಿಸಿ. ಚುಚ್ಚುವ ಜಾಗ ತಾನಾಗೇ ಗೊತ್ತಾಗುತ್ತದೆ. ಎತ್ತರವನ್ನೋ ಓರೆಯನ್ನೋ ಒಂದು ಸಲಕ್ಕೆ ಒಂದೇ ಬದಲಿಸಿ. ಕನ್ನಡಿ ಮುಂದೆ ತಾಸುಗಟ್ಟಲೆ ನಿಲ್ಲಬೇಡಿ. ನಿಮಗೆ ಕಾಣುವ ಉಬ್ಬು ಬೀದಿಯ ಜನರಿಗೆ ಕಾಣುವುದಿಲ್ಲ. ಅವರು ಗಮನಿಸುವುದು ನೀವು ಪದೇ ಪದೇ ಸೊಂಟ ಮುಟ್ಟಿಕೊಳ್ಳುವುದನ್ನು.

ನಳಿಗೆಯಲ್ಲಿ ಗುಂಡು ಏರಿಸಿಟ್ಟು ಧರಿಸಬೇಕಾ ಅನ್ನುವುದು ಎಲ್ಲರ ಆತಂಕ. ಕಲಿಸುವವರಲ್ಲಿ ಹೆಚ್ಚಿನವರು ಹೌದು ಅನ್ನುತ್ತಾರೆ, ಅಪಾಯದ ಹೊತ್ತಲ್ಲಿ ಸ್ಲೈಡ್ ಎಳೆಯಲು ಎರಡು ಕೈ ಸಿಗದಿರಬಹುದು ಅಂತ. ಆದರೆ ಆ ಹಂತಕ್ಕೆ ಅವಸರ ಬೇಡ. ಮೇಲೆ ಹೇಳಿದ ಷರತ್ತಿನ ಹೋಲ್ಸ್ಟರ್ ಇದ್ದು, ಬೆರಳು ಟ್ರಿಗರ್‌ನಿಂದ ದೂರ ಇರುವುದು ಅಭ್ಯಾಸವಾಗಿ, ತರಬೇತುದಾರರ ಕಣ್ಣೆದುರು ಹಲವು ಸಲ ಹೊರತೆಗೆದು ಒಳಗಿಟ್ಟ ಮೇಲೆ ನೋಡಿ. ಭಯ ಉಳಿದಿದ್ದರೆ ಸೇಫ್ಟಿ ಗುಂಡಿ ಇರುವ ಮಾದರಿ ಕೊಳ್ಳಿ. ಶೀಲ್ಡ್ ಪ್ಲಸ್, ಪಿ365 ಎರಡರಲ್ಲೂ ಅದು ಸಿಗುತ್ತದೆ. ಧರಿಸುವ ಮುನ್ನ ಅಭ್ಯಾಸದ ಗುಂಡು ಇನ್ನೂರಾದರೂ, ರಕ್ಷಣೆಗೆ ಇಡುವ ಗುಂಡು ಒಂದು ಪೆಟ್ಟಿಗೆಯಾದರೂ ಅಡಚಣೆ ಇಲ್ಲದೆ ಹಾರಿರಬೇಕು.

ಹೊರಗೆ ಹೋದಾಗ, ಮನೆಗೆ ಬಂದಾಗ

ಸಾರ್ವಜನಿಕ ಶೌಚಾಲಯದಲ್ಲಿ ಪಿಸ್ತೂಲು ಮರೆತು ಹೋಗುವವರಿದ್ದಾರೆ. ಹೋಲ್ಸ್ಟರ್‌ನಿಂದ ತೆಗೆಯಲೇಬೇಡಿ. ಪ್ಯಾಂಟ್ ಮಂಡಿಯ ಹತ್ತಿರ ಬಿಗಿಯಾಗಿ ಹಿಡಿದು, ಅದರೊಳಗೇ ಇರಲಿ. ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು, ಶಾಂತವಾಗಿ ವಿಷಯ ತಿಳಿಸಿ, ಅವರು ಹೇಳಿದ ಹಾಗೆ ಮಾಡಿ. ಕುಡಿಯುವ ಪಾರ್ಟಿಗೆ ತರಬೇಡಿ. ಅಮಲಿನಲ್ಲಿ ಧರಿಸುವುದು ಅಪರಾಧ.

ಮನೆಗೆ ಬಂದ ಮೇಲೆ ಅದು ಮೈಮೇಲಿರಬೇಕು, ಇಲ್ಲವೇ ಬೀಗದೊಳಗೆ. ಮೂರನೇ ಜಾಗ ಇಲ್ಲ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಕೇಸಾಗುತ್ತದೆ. ಅಮೆರಿಕದ ಆತ್ಮಹತ್ಯೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದೂಕಿನಿಂದ ಆಗುತ್ತವೆ. ಮನೆಯಲ್ಲಿ ಯಾರಾದರೂ, ಅದು ನೀವೇ ಆಗಿರಲಿ, ಖಿನ್ನತೆಯಲ್ಲಿದ್ದರೆ ಆ ಕಾಲ ಕಳೆಯುವವರೆಗೆ ಪಿಸ್ತೂಲು ಮನೆಯಿಂದ ಹೊರಗಿರಲಿ. ಕೊಳ್ಳುವ ಯೋಚನೆಯಲ್ಲಿದ್ದರೆ ಮುಂದೂಡಿ. ಇದನ್ನು ಹೇಳದೆ ಹೋಲ್ಸ್ಟರ್ ಬಗ್ಗೆ ಮಾತ್ರ ಹೇಳಿದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ವಿಮಾನ ಹತ್ತುವ ಮುನ್ನ

ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ 6,700ಕ್ಕೂ ಹೆಚ್ಚು ಬಂದೂಕುಗಳು ಸಿಕ್ಕವು, ಬಹುಪಾಲು ಗುಂಡು ತುಂಬಿದವು. ಚೀಲದಲ್ಲಿ ಇದ್ದದ್ದೇ ಮರೆತಿತ್ತು ಅಂದವರು ಎಷ್ಟೋ ಜನ. ದೇಶದೊಳಗಿನ ಪ್ರಯಾಣಕ್ಕೆ ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕೌಂಟರಿನಲ್ಲಿ ತಿಳಿಸಿ, ಚೆಕ್-ಇನ್ ಸಾಮಾನಿನಲ್ಲಿ ಕಳಿಸಬಹುದು.

ಊರಿಗೆ ಹೊರಡುವಾಗ ಮಾತ್ರ ಇನ್ನೊಂದು ಕೆಲಸ ಇದೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಬೆಂಗಳೂರಿಗೆ ತರಬೇಡಿ. ಮಡಿಕೆಯಲ್ಲಿ ಉಳಿದ ಒಂದೇ ಒಂದು ಗುಂಡು ಸಾಕು. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಂಡರೆ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ತಿಳಿಯದೆ ಇದ್ದದ್ದು ಅಂತ ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದುಂಟು, ಆದರೆ ಅಷ್ಟರಲ್ಲಿ ರಜೆ ಪೂರ್ತಿ ಪೊಲೀಸ್ ಠಾಣೆ, ವಕೀಲರ ಕಚೇರಿಯಲ್ಲೇ ಕಳೆದಿರುತ್ತದೆ. ರೇಂಜಿಗೆ ಒಂದು ಬ್ಯಾಗ್ ಬೇರೆಯೇ ಇಟ್ಟುಬಿಡಿ, ಬೇರೆ ಬಣ್ಣದ್ದು, ಮನೆಯವರಿಗೂ ಗೊತ್ತಿರುವಂಥದ್ದು. ಜಾಕೆಟ್ ಜೇಬುಗಳನ್ನೂ ಪ್ಯಾಕ್ ಮಾಡುವ ಮುನ್ನ ಒಮ್ಮೆ ಒಳಗಿಂದ ಹೊರಗೆ ತಿರುವಿ ನೋಡಿ.